ಪೆಟ್ಟಿಗೆಯ ಗುಣ, ಯಂತ್ರದ ಆಯುಷ್ಯ

ಮಕ್ಕಳ ವ್ಯಾಸಂಗಕ್ಕೆಂದು ಗಣಕಯಂತ್ರ ಕೊಳ್ಳುವ ಮನೆಗಳು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಇಂದು ವಿರಳವಲ್ಲ. ಒಳಗಿನ ಯಂತ್ರದ ವೇಗವನ್ನು ವಿಚಾರಿಸುವ ನಾವು ಅದನ್ನು ಧರಿಸುವ ಪೆಟ್ಟಿಗೆಯನ್ನು, ಅಂದರೆ ಕ್ಯಾಬಿನೆಟ್ಟನ್ನು, ಅಂದಕ್ಕಾಗಿ ಮಾತ್ರ ಆರಿಸುತ್ತೇವೆ. ನಮ್ಮ ಸೀಮೆಗೆ ಇದು ಸಲ್ಲದು.

ಪಾವಗಡದ ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ವಿದ್ಯುತ್ ಘಟಕಗಳು ನೆಲೆಗೊಂಡಿರುವುದೇ ಇಲ್ಲಿನ ಬಿಸಿಲಿಗೆ ಸಾಕ್ಷಿ. ಧೂಳಂತೂ ಮುಚ್ಚಿದ ಬಾಗಿಲನ್ನೂ ದಾಟಿ ಬರುತ್ತದೆ. ಅದು ಯಂತ್ರದ ಭಾಗಗಳ ಮೇಲೆ ಕಂಬಳಿಯಂತೆ ಕುಳಿತರೆ ಕಾವು ಹೊರಹೋಗದು.

ಆದ್ದರಿಂದ ಉತ್ತಮ ಪೆಟ್ಟಿಗೆಯ ಮೊದಲ ಲಕ್ಷಣ ಗಾಳಿಯ ಸಂಚಾರ. ತಂಪು ಗಾಳಿ ಮುಂಭಾಗದಿಂದ ಒಳಹೊಕ್ಕು, ಬಿಸಿಗಾಳಿ ಹಿಂದಿನಿಂದಲೂ ಮೇಲಿನಿಂದಲೂ ಹೊರಹೋಗಬೇಕು. ಮುಂಭಾಗವನ್ನೆಲ್ಲ ಗಾಜಿನಿಂದ ಮುಚ್ಚಿ ಬಣ್ಣದ ದೀಪ ಹಚ್ಚಿದ ಪೆಟ್ಟಿಗೆ ನೋಟಕ್ಕೆ ಚೆಂದ, ಉಸಿರಿಗೆ ಕಷ್ಟ. ಎರಡನೆಯದು, ಕಳಚಿ ತೊಳೆಯಬಲ್ಲ ಜಾಲರಿ. ಒಳಸೆಳೆಯುವ ಗಾಳಿ ಹೊರದೂಡುವುದಕ್ಕಿಂತ ತುಸು ಹೆಚ್ಚಿದ್ದರೆ, ಸಂದುಗಳಲ್ಲಿ ಗಾಳಿ ಹೊರಮುಖವಾಗಿಯೇ ಹರಿದು ಧೂಳನ್ನು ತಡೆಯುತ್ತದೆ. ಮೂರನೆಯದು ಅಳತೆ. 1995ರಲ್ಲಿ ಇಂಟೆಲ್ ಸಂಸ್ಥೆ ರೂಪಿಸಿದ ಎಟಿಎಕ್ಸ್ ಅಳತೆಗೆ ಒಪ್ಪುವ ಪೆಟ್ಟಿಗೆಯಾದರೆ, ಒಳಗಿನ ಭಾಗಗಳು ಬದಲಾದರೂ ಪೆಟ್ಟಿಗೆ ಉಳಿಯುತ್ತದೆ. ಬಳುಕದ ತಗಡು, ಕೈ ಕೊಯ್ಯದಂತೆ ಮಡಿಸಿದ ಅಂಚು ಇವೂ ಗಮನಾರ್ಹ. ಲೋಹದ ಪೆಟ್ಟಿಗೆಯಾದ್ದರಿಂದ ಮನೆಯ ಅರ್ಥಿಂಗ್ ಸರಿಯಿರುವುದು ಅತ್ಯವಶ್ಯ.

ಕೊಂಡ ಮೇಲೆ ಅದನ್ನು ನೆಲದ ಮೇಲಿಡದೆ ಮಣೆಯ ಮೇಲಿಡಬೇಕು; ತಿಂಗಳಿಗೊಮ್ಮೆ ಜಾಲರಿಯನ್ನು ಶುಚಿಗೊಳಿಸಬೇಕು; ಯಂತ್ರ ನಡೆಯುತ್ತಿರುವಾಗ ಅಕ್ಕರೆಯಿಂದ ಹೊಲಿದ ಕಸೂತಿ ಹೊದಿಕೆಯನ್ನು ತೆಗೆದಿಡಬೇಕು. ಬೆವರಿನ ಹಣದಿಂದ ತಂದ ವಸ್ತು ಹಲವು ವರ್ಷ ಬಾಳಬೇಕಾದರೆ, ಹೊರಗಣ ಥಳುಕಿಗಿಂತ ಒಳಗಣ ವ್ಯವಸ್ಥೆಯನ್ನು ನೋಡಿ ಕೊಳ್ಳುವುದೇ ವಿವೇಕ.