ಮೊದಲು ಬಾಗಿಲು ತಟ್ಟಬೇಕಾದವರು ಯಾರು?

ನಡುರಾತ್ರಿ ಯುವಕನೊಬ್ಬ ಕೋಣೆಯ ಬಾಗಿಲು ಹಾಕಿಕೊಂಡು ಕಿರುಚುತ್ತಿದ್ದಾನೆಂದು ಭಾವಿಸೋಣ. ಯಾರೋ ತನ್ನನ್ನು ಕೊಲ್ಲಲು ಬಂದಿದ್ದಾರೆಂದು ಅವನು ದೃಢವಾಗಿ ನಂಬಿದ್ದಾನೆ. ಮೂರು ದಿನಗಳಿಂದ ನಿದ್ರೆಯಿಲ್ಲ, ಮಾತ್ರೆ ನಿಲ್ಲಿಸಿ ತಿಂಗಳಾಗಿದೆ. ಅವನ ತಾಯಿ ಯಾರನ್ನು ಕರೆಯಬೇಕು? ಎದೆನೋವಾಗಿದ್ದರೆ ಆಂಬುಲೆನ್ಸ್ ಬರುತ್ತಿತ್ತು. ಮನೆಗೆ ಬೆಂಕಿ ಬಿದ್ದಿದ್ದರೆ ಅಗ್ನಿಶಾಮಕ ದಳ ಬರುತ್ತಿತ್ತು. ಮನಸ್ಸು ಕೆಟ್ಟಾಗ ಮಾತ್ರ ಹೆಚ್ಚಾಗಿ ಬರುವವರು ಪೊಲೀಸರು. ಮಗನಿಗೆ ಸಿಗುವುದು ಚಿಕಿತ್ಸೆಯೋ ಏಟೋ ಎಂದು ತಿಳಿಯದೆ ಆ ತಾಯಿ ಫೋನ್ ಹಿಡಿದುಕೊಂಡೇ ಹಿಂಜರಿಯುತ್ತಾಳೆ.

ಪೊಲೀಸರನ್ನು ದೂಷಿಸುವುದು ನಮ್ಮ ಉದ್ದೇಶವಲ್ಲ. ಅಪರಾಧ ತಡೆಯಲು ತರಬೇತಿ ಪಡೆದವರನ್ನು ರೋಗಿಯ ಬಳಿಗೆ ಕಳುಹಿಸುವ ವ್ಯವಸ್ಥೆಯ ಬಗ್ಗೆ ನಮ್ಮ ಆಕ್ಷೇಪವಿದೆ. ಸಮವಸ್ತ್ರ, ಲಾಠಿ, ಗದರಿಕೆ ಇವೆಲ್ಲವೂ ಭ್ರಮೆಯಲ್ಲಿರುವವನ ಭಯವನ್ನು ಇಮ್ಮಡಿಗೊಳಿಸುತ್ತವೆ. ಆಜ್ಞೆಯನ್ನು ಅರ್ಥ ಮಾಡಿಕೊಳ್ಳುವ ಸ್ಥಿತಿಯಲ್ಲಿಯೇ ಇಲ್ಲದವನ ಮೌನವು ಅವಿಧೇಯತೆಯಂತೆ ಕಾಣುತ್ತದೆ. ಅಮೆರಿಕದ ರಾಚೆಸ್ಟರ್ ನಗರದಲ್ಲಿ 2020ರ ಮಾರ್ಚ್‌ನಲ್ಲಿ ಡೇನಿಯಲ್ ಪ್ರೂಡ್ ಎಂಬವರು ಮಾನಸಿಕ ತಳಮಳದಲ್ಲಿ ಬಟ್ಟೆಯಿಲ್ಲದೆ ಬೀದಿಗೆ ಓಡಿದಾಗ, ಅವರ ಸಹೋದರನೇ ನೆರವಿಗಾಗಿ ಕರೆ ಮಾಡಿದ್ದರು. ಬಂದ ಪೊಲೀಸರು ಅವರ ತಲೆಗೆ ಮುಸುಕು ಹಾಕಿ ನೆಲಕ್ಕೆ ಒತ್ತಿ ಹಿಡಿದರು. ಒಂದು ವಾರದ ಬಳಿಕ ಅವರು ಮೃತಪಟ್ಟರು. ನೆರವು ಕೇಳಿದ ಕುಟುಂಬಕ್ಕೆ ಸಿಕ್ಕಿದ್ದು ಶವ.

ಪರ್ಯಾಯವಿಲ್ಲವೆಂದು ಹೇಳುವಂತಿಲ್ಲ. ಅದೇ ದೇಶದ ಯೂಜೀನ್ ನಗರದಲ್ಲಿ 1989ರಲ್ಲಿ 'ಕಹೂಟ್ಸ್' ಎಂಬ ಸೇವೆ ಆರಂಭವಾಯಿತು. ಒಬ್ಬ ವೈದ್ಯಕೀಯ ಸಿಬ್ಬಂದಿ, ಒಬ್ಬ ಆಪ್ತ ಸಹಾಯಕ ಮತ್ತು ಒಂದು ವ್ಯಾನ್, ಇಷ್ಟೇ. ಆಯುಧವಿಲ್ಲ, ಬಂಧಿಸುವ ಅಧಿಕಾರವೂ ಇಲ್ಲ. ಆದರೂ ಅವರು ಪೊಲೀಸರ ತುರ್ತು ಬೆಂಬಲ ಕೋರಿದ್ದು ನೂರು ಕರೆಗಳಲ್ಲಿ ಎರಡಕ್ಕಿಂತಲೂ ಕಡಿಮೆ. ಡೆನ್ವರ್ ನಗರವು 2020ರ ಜೂನ್‌ನಲ್ಲಿ ಇದೇ ಮಾದರಿಯ ತಂಡವನ್ನು ರೂಪಿಸಿತು. ಮೊದಲ ಆರು ತಿಂಗಳಲ್ಲಿ ಅದು 748 ಕರೆಗಳಿಗೆ ಓಗೊಟ್ಟಿತು. ಒಂದೇ ಒಂದು ಬಂಧನವೂ ನಡೆಯಲಿಲ್ಲ. ಆದರೆ 2025ರ ಏಪ್ರಿಲ್‌ನಲ್ಲಿ ಯೂಜೀನ್‌ನ ಆ ಸೇವೆ ಹಣದ ಕೊರತೆಯ ನಡುವೆ ನಿಂತುಹೋಯಿತು. ಒಳ್ಳೆಯ ಕೆಲಸವು ಒಳ್ಳೆಯ ಮನಸ್ಸೊಂದರಿಂದಲೇ ಬಾಳುವುದಿಲ್ಲ. ಅದಕ್ಕೆ ಬಜೆಟ್‌ನಲ್ಲಿ ಶಾಶ್ವತ ಸ್ಥಾನವೂ ಬೇಕೆಂಬ ಪಾಠ ಇದರಲ್ಲಿದೆ.

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಮಾನವೀಯವಾಗಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ, ರಕ್ಷಣೆಗೆ ತೆಗೆದುಕೊಂಡ ಮಾನಸಿಕ ರೋಗಿಯನ್ನು ಪೊಲೀಸರು 24 ಗಂಟೆಗಳೊಳಗೆ ಸಮೀಪದ ಸರಕಾರಿ ಆರೋಗ್ಯ ಕೇಂದ್ರಕ್ಕೆ ಒಯ್ಯಬೇಕು. ಲಾಕಪ್‌ನಲ್ಲಾಗಲಿ ಜೈಲಿನಲ್ಲಾಗಲಿ ಇಡಬಾರದು. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎನ್ನುತ್ತದೆ ಅದೇ ಕಾಯ್ದೆ. 2022ರ ಅಕ್ಟೋಬರ್ 10ರಂದು 'ಟೆಲಿ ಮಾನಸ್' ಸಹಾಯವಾಣಿ ಆರಂಭವಾಯಿತು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಅದರ ರಾಷ್ಟ್ರೀಯ ಕೇಂದ್ರ. 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೂ ಆಪ್ತ ಸಮಾಲೋಚನೆ ದೊರೆಯುತ್ತದೆ. ಇದು ದೊಡ್ಡ ಹೆಜ್ಜೆ. ಆದರೆ ಬಾಗಿಲು ಹಾಕಿಕೊಂಡು ಕಿರುಚುತ್ತಿರುವವನು ಫೋನಿಗೆ ಕಿವಿಗೊಡಲಾರ. ಅವನ ಬಾಗಿಲಿಗೆ ಯಾರಾದರೂ ಬರಲೇಬೇಕು. 108ರ ಜಾಲದೊಂದಿಗೆ ಜಿಲ್ಲೆಗೊಂದಾದರೂ ಮನೋವೈದ್ಯಕೀಯ ತಂಡ ಸೇರಿದರೆ ಈ ಕೊರತೆ ತುಂಬುತ್ತದೆ.

ರೋಗಿಯ ಕೈಯಲ್ಲಿ ಚಾಕು ಇದ್ದರೆ ಏನು ಮಾಡುವುದೆಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯಯುತವಾಗಿದೆ. ಆಗ ಪೊಲೀಸರು ಬರಲೇಬೇಕು. ಆದರೆ ಅವರು ತಂಡದ ಬೆನ್ನ ಹಿಂದೆ ನಿಲ್ಲಲಿ, ಮೊದಲ ಮಾತನ್ನು ಆರೋಗ್ಯ ಕಾರ್ಯಕರ್ತರು ಆಡಲಿ. ಅಪರೂಪದ ಅಪಾಯವನ್ನು ಮುಂದಿಟ್ಟು ಎಲ್ಲ ರೋಗಿಗಳನ್ನೂ ಅಪಾಯಕಾರಿಗಳೆಂದು ಕಾಣುವುದು ಅನ್ಯಾಯ.

ಸರಕಾರವನ್ನು ಮಾತ್ರ ಪ್ರಶ್ನಿಸಿದರೆ ನಮ್ಮ ಮಾತು ಅರ್ಧ ಸತ್ಯವಾದೀತು. ಬುದ್ಧಿಸ್ಥಿಮಿತ ಕಳೆದುಕೊಂಡವನ ಮೇಲೆ, ಅದು ಮರಳುವವರೆಗೆ, ಧಾರ್ಮಿಕ ಹೊಣೆಯಿಲ್ಲ ಎಂಬುದನ್ನು ನಾವು ಮದ್ರಸದ ಮಕ್ಕಳಿಗೂ ಕಲಿಸುತ್ತೇವೆ. ಸೃಷ್ಟಿಕರ್ತನೇ ಲೆಕ್ಕ ಕೇಳದವನನ್ನು ನಾವು ಸರಪಳಿಯಲ್ಲಿ ಬಿಗಿಯುವುದು ಹೇಗೆ? 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಆಸರೆ ನಂಬಿ ಬಂದವರನ್ನು ಇರಿಸಿಕೊಂಡಿದ್ದ ಆಶ್ರಯಮನೆಯೊಂದಕ್ಕೆ ಬೆಂಕಿ ಬಿತ್ತು. ಸರಪಳಿಯಲ್ಲಿದ್ದ 28 ಮಂದಿ ಓಡಲಾರದೆ ಸುಟ್ಟುಹೋದರು. ಅವರನ್ನು ಅಲ್ಲಿ ಬಿಟ್ಟುಹೋದವರು ಅವರದೇ ಕುಟುಂಬದವರು. ರೋಗವನ್ನು ಜಿನ್ನ್ ಬಾಧೆಯೆಂದು ಮುಚ್ಚಿಟ್ಟು, ವೈದ್ಯರ ಬಳಿಗೆ ಹೋಗಲು ನಾಚಿ, ಕೊನೆಗೆ ಕೈಮೀರಿದಾಗ ಪೊಲೀಸರನ್ನು ಕರೆಯುವ ರೂಢಿ ನಮ್ಮಲ್ಲಿ ಇನ್ನೂ ಅಳಿದಿಲ್ಲ. ಪ್ರಾರ್ಥನೆ ಇರಲಿ, ಔಷಧಿಯೂ ಇರಲಿ. ಒಂದು ಇನ್ನೊಂದಕ್ಕೆ ವೈರಿಯಲ್ಲ.

ಆದ್ದರಿಂದ ಪ್ರತಿ ಮೊಹಲ್ಲಾದಲ್ಲಿ ಕನಿಷ್ಠ ಇಬ್ಬರಾದರೂ ಇಂತಹ ಸಂದರ್ಭಗಳನ್ನು ನಿಭಾಯಿಸುವ ತರಬೇತಿ ಪಡೆಯಲಿ. ಮಸೀದಿಯ ಸೂಚನಾ ಫಲಕದಲ್ಲಿ ನಮಾಝ್ ವೇಳಾಪಟ್ಟಿಯ ಪಕ್ಕದಲ್ಲಿಯೇ 14416 ಎಂಬ ಸಂಖ್ಯೆಯೂ ಇರಲಿ. ನಮ್ಮ ಶಾಸಕರು ಮತ ಕೇಳಲು ಬಂದಾಗ, ರಸ್ತೆ ಚರಂಡಿಗಳ ಜೊತೆಗೆ ಈ ತಂಡವನ್ನೂ ಕೇಳೋಣ. ಮುಂದಿನ ಬಾರಿ ಯಾವುದಾದರೂ ತಾಯಿ ನಡುರಾತ್ರಿ ಫೋನ್ ಕೈಗೆತ್ತಿಕೊಂಡಾಗ ಅವಳ ಬೆರಳು ನಡುಗದಿರಲಿ.