ಬೆಟ್ಟದ ಹುಲ್ಲು ಮತ್ತು ಸೈಕಲ್ಲಿನ ಗಾಲಿ

ಮೈಸೂರಿನ ಈಶಾನ್ಯದ ಅಂಚಿನಲ್ಲಿರುವ ಕೆಸರೆಯಲ್ಲಿ ಕೊಳಚೆ ನೀರಿನ ಶುದ್ಧೀಕರಣ ಘಟಕವೊಂದಿದೆ. ನಗರ ಬಳಸಿ ಬಿಟ್ಟ ನೀರಿನ ಒಂದು ಪಾಲು ಅಲ್ಲಿಗೆ ಹರಿದು ಬರುತ್ತದೆ. ಮೇಲಿನವರು ಚೆಲ್ಲಿದ್ದು ಕೆಳಗಿನವರ ಬಾಗಿಲಿಗೆ ಬರುತ್ತದೆ ಎಂಬುದನ್ನು ಕೆಸರೆಯ ಜನರಿಗೆ ಯಾರೂ ಪಾಠ ಹೇಳಿ ತಿಳಿಸಬೇಕಾಗಿಲ್ಲ. ಆದರೆ ಅದೇ ನೀರಿಗೆ ಇನ್ನೊಂದು ತುದಿಯೂ ಇದೆ. ಮೈಸೂರು ಕುಡಿಯುವುದು ಕಾವೇರಿ, ಕಬಿನಿಗಳ ನೀರನ್ನು. ಕಾವೇರಿಗೆ ಕೃಷ್ಣರಾಜಸಾಗರದಲ್ಲಿ ಬಂದು ಸೇರುವ ಹೇಮಾವತಿಯು ಹುಟ್ಟುವುದು ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ತಾಲ್ಲೂಕಿನಲ್ಲಿ, ಬಲ್ಲಾಳರಾಯನ ದುರ್ಗದ ಬಳಿ. ಹೀಗೆ ಮಲೆನಾಡಿನ ಬೆಟ್ಟದ ನೆತ್ತಿಯ ಹುಲ್ಲಿಗೂ ಕೆಸರೆಯ ಮನೆಯ ನಲ್ಲಿಗೂ ನಂಟಿದೆ. ಈ ನಂಟನ್ನು ಈಗ ನೆನಪಿಸಬೇಕಾದ ಕಾರಣವೊಂದು ಒದಗಿದೆ.

ಸೈಕಲ್ಲಿಗೆ ಗಂಟುಮೂಟೆ ಕಟ್ಟಿಕೊಂಡು ಎತ್ತರದ ಬೆಟ್ಟಗಳ ಕಾಲುಹಾದಿಗಳಲ್ಲಿ ದಿನಗಟ್ಟಲೆ ಸಂಚರಿಸುವ ಹವ್ಯಾಸ ನಗರದ ಯುವಜನರನ್ನು ಸೆಳೆಯುತ್ತಿದೆ. ಇದಕ್ಕೆ ಬೈಕ್‌ಪ್ಯಾಕಿಂಗ್ ಎಂದು ಹೆಸರು. ದಪ್ಪ ಟಯರಿನ ಸೈಕಲ್ಲಿನ ಹ್ಯಾಂಡಲಿಗೆ, ಚೌಕಟ್ಟಿನ ನಡುವೆ, ಸೀಟಿನ ಹಿಂದೆ ಸಣ್ಣ ಸಣ್ಣ ಚೀಲಗಳನ್ನು ಬಿಗಿದು, ಅದರಲ್ಲೇ ಗುಡಾರ, ಹೊದಿಕೆ, ಅಡುಗೆಯ ಪರಿಕರಗಳನ್ನು ಒಯ್ಯುವುದು ಇದರ ಕ್ರಮ. ಮೈಸೂರಿಗೆ ಸೈಕಲ್ ಹೊಸದಲ್ಲ. 2008ರಲ್ಲಿ ಆರಂಭವಾದ ನೀಲಗಿರಿ ಸೈಕಲ್ ಪ್ರವಾಸವು ಈ ನಗರವನ್ನು ಹಾದುಹೋಗಿದೆ. 2017ರಲ್ಲಿ ‘ಟ್ರಿಣ್ ಟ್ರಿಣ್’ ಎಂಬ ಸಾರ್ವಜನಿಕ ಸೈಕಲ್ ವ್ಯವಸ್ಥೆ ಇಲ್ಲಿ ಆರಂಭಗೊಂಡಿತು. ಚಾಮುಂಡಿ ಬೆಟ್ಟದ ರಸ್ತೆಯಲ್ಲಿ ಬೆಳಗಿನ ಜಾವ ತುಳಿದು ಅಭ್ಯಾಸ ಮಾಡಿದವರಿಗೆ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ, ಬಲ್ಲಾಳರಾಯನ ದುರ್ಗಗಳು ಕೈಬೀಸಿ ಕರೆಯುವುದು ಸಹಜವೇ ಆಗಿದೆ.

ಪರಿಸರದ ಕಾಳಜಿಯುಳ್ಳವರು ಸೈಕಲ್ಲನ್ನು ವಿರೋಧಿಸುವುದು ವಿಚಿತ್ರವೆನಿಸಬಹುದು. ಸೈಕಲ್ ಹೊಗೆ ಉಗುಳುವುದಿಲ್ಲ, ಸದ್ದು ಮಾಡುವುದಿಲ್ಲ, ಪೆಟ್ರೋಲು ಬೇಡುವುದಿಲ್ಲ. ವಾರದ ಕೊನೆಯಲ್ಲಿ ಗಿರಿಶ್ರೇಣಿಗೆ ನುಗ್ಗುವ ಕಾರುಗಳ ಸಾಲನ್ನು ತಡೆಯಲಾಗದೆ 2025ರಲ್ಲಿ ಚಿಕ್ಕಮಗಳೂರು ಜಿಲ್ಲಾಡಳಿತವು ಮುಳ್ಳಯ್ಯನಗಿರಿ ಭಾಗಕ್ಕೆ ಬರುವ ವಾಹನಗಳಿಗೆ ಮುಂಗಡ ನೋಂದಣಿಯನ್ನು ಕಡ್ಡಾಯಗೊಳಿಸಿ, ಸಂಖ್ಯೆಗೆ ಮಿತಿ ಹಾಕಬೇಕಾಯಿತು. ಹುಲ್ಲುಗಾವಲಿನ ಎದೆ ಸೀಳಿಕೊಂಡು ಹೋಗುವ ಜೀಪುಗಳ ಹಾವಳಿಯಂತೂ ಮಲೆನಾಡಿನವರಿಗೆ ಚಿರಪರಿಚಿತ. ಇವುಗಳ ಎದುರು ಸೈಕಲ್ ಸಾವಿರ ಪಾಲು ಮೇಲು. ಆದ್ದರಿಂದ ಇಲ್ಲಿರುವ ಪ್ರಶ್ನೆ ಸೈಕಲ್ ಬೇಕೇ ಬೇಡವೇ ಎಂಬುದಲ್ಲ. ರಸ್ತೆ ಮುಗಿದು ಹುಲ್ಲು ಆರಂಭವಾಗುವ ಸ್ಥಳದಲ್ಲಿ ಗಾಲಿಯೂ ನಿಲ್ಲಬೇಕೇ ಎಂಬುದೇ ಪ್ರಶ್ನೆ. ನಿಲ್ಲಬೇಕು ಎಂಬುದೇ ಸರಿಯಾದ ಉತ್ತರ.

ಸಹ್ಯಾದ್ರಿಯ ಎತ್ತರದ ಬೆಟ್ಟಗಳ ರಚನೆ ವಿಶಿಷ್ಟವಾದುದು. ಬೆಟ್ಟದ ಮಡಿಲುಗಳಲ್ಲಿ ಶೋಲಾ ಕಾಡು, ಬೋಳುಮೈಯ ಮೇಲೆಲ್ಲ ಹುಲ್ಲು. ಇಲ್ಲಿನ ಹುಲ್ಲುಗಾವಲು ಕಾಡು ಕಡಿದು ಉಳಿದ ಬರಡು ನೆಲವಲ್ಲ. ಅದೂ ಕಾಡಿನಷ್ಟೇ ಮುಖ್ಯವಾದ ಜೀವನೆಲೆ. ಮುಂಗಾರಿನ ತಿಂಗಳುಗಳಲ್ಲಿ ಸುರಿಯುವ ಮಳೆಯ ಹೊಡೆತವನ್ನು ಮೊದಲು ತಾಳಿಕೊಳ್ಳುವುದು ಈ ಹುಲ್ಲೇ. ಅದರ ಬೇರಿನ ಹೆಣಿಗೆ ತೆಳುವಾದ ಮೇಲ್ಮಣ್ಣನ್ನು ಬಂಡೆಯ ಮೇಲೆ ಹಿಡಿದಿಡುತ್ತದೆ, ನೀರನ್ನು ನಿಧಾನವಾಗಿ ಒಳಕ್ಕೆ ಇಳಿಸುತ್ತದೆ. ಕೆಳಗಿನ ಹಳ್ಳಗಳು ಬೇಸಿಗೆಯಲ್ಲೂ ಹರಿಯುವುದಕ್ಕೆ ಇದು ಮುಖ್ಯ ಕಾರಣ. ನೆನೆದ ಇಳಿಜಾರಿನಲ್ಲಿ ಬ್ರೇಕು ಹಾಕಿ ಜಾರಿದ ಗಾಲಿಯು ಹುಲ್ಲಿನ ಬುಡವನ್ನು ಕೀಳುತ್ತದೆ. ಕಾಲಿನ ಹೆಜ್ಜೆ ಬಿಡಿಬಿಡಿಯಾಗಿ ಬೀಳುತ್ತದೆ. ಗಾಲಿಯ ಗುರುತಾದರೋ ಮೇಲಿನಿಂದ ಕೆಳಗಿನವರೆಗೆ ಎಡೆಬಿಡದ ಗೀರು. ಮಳೆಯ ನೀರು ಆ ಗೀರನ್ನೇ ಕಾಲುವೆ ಮಾಡಿಕೊಳ್ಳುತ್ತದೆ, ಹಾಗೂ ಕಾಲುವೆ ಕ್ರಮೇಣ ಕೊರಕಲಾಗುತ್ತದೆ.

ಇದಕ್ಕೆ ಸೈಕಲ್ ಪ್ರಿಯರ ಬಳಿ ಒಂದು ಉತ್ತರವಿದೆ, ಅದನ್ನು ಕಡೆಗಣಿಸುವುದು ನ್ಯಾಯವಲ್ಲ. ಅಮೆರಿಕದ ಮೊಂಟಾನಾ ರಾಜ್ಯದ ಕಾಡುಹಾದಿಗಳಲ್ಲಿ ನಡೆದು 1994ರಲ್ಲಿ ಪ್ರಕಟವಾದ ಅಧ್ಯಯನವೊಂದು, ಕುದುರೆಯ ಗೊರಸು ಮತ್ತು ಮನುಷ್ಯರ ಕಾಲ್ತುಳಿತಗಳು ಗಾಲಿಗಿಂತ ಹೆಚ್ಚು ಮಣ್ಣನ್ನು ಸಡಿಲಗೊಳಿಸುತ್ತವೆಂದು ಕಂಡುಕೊಂಡಿತು. ಇದು ನಿಜವಿರಬಹುದು. ಆದರೆ ಅದು ಮೊದಲೇ ತುಳಿದು ಗಟ್ಟಿಯಾದ ಹಾದಿಗಳ ಲೆಕ್ಕ. ಹಾದಿಯೇ ಇಲ್ಲದ ಹುಲ್ಲಿನ ಮೇಲೆ ಹೊಸ ಗೀರು ಎಳೆಯುವುದಕ್ಕೆ ಆ ಲೆಕ್ಕ ಅನ್ವಯಿಸದು. ಅಲ್ಲದೆ ನಡೆಯುವವನು ದಿನಕ್ಕೆ ಒಂದು ಬೆಟ್ಟವನ್ನು ಏರಿ ಇಳಿದರೆ, ಸೈಕಲ್ ಸವಾರ ಅದೇ ಹೊತ್ತಿನಲ್ಲಿ ಅದರ ಹಲವು ಪಟ್ಟು ದೂರವನ್ನು ಕ್ರಮಿಸುತ್ತಾನೆ.

ಬೆಟ್ಟದ ಮಣ್ಣು ಎಷ್ಟು ಸೂಕ್ಷ್ಮವೆಂಬುದಕ್ಕೆ ಮೈಸೂರಿನವರು ದೂರ ಹೋಗಬೇಕಾಗಿಲ್ಲ. 2021ರ ಅಕ್ಟೋಬರ್‌ನಲ್ಲಿ ಸುರಿದ ಮಳೆಗೆ ಚಾಮುಂಡಿ ಬೆಟ್ಟದಲ್ಲಿ ನಂದಿ ವಿಗ್ರಹಕ್ಕೆ ಹೋಗುವ ರಸ್ತೆಯೇ ಕುಸಿಯಿತು. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ, 2019ರ ಆಗಸ್ಟ್‌ನಲ್ಲಿ ಮೂಡಿಗೆರೆಯಲ್ಲಿ ಗುಡ್ಡಗಳು ಜರಿದು ಮನೆ, ಗದ್ದೆ, ತೋಟಗಳು ಮಣ್ಣುಪಾಲಾದವು. ಈ ಅನಾಹುತಗಳಿಗೂ ಸೈಕಲ್ಲಿಗೂ ಸಂಬಂಧವಿಲ್ಲ. ಆದರೆ ಇಂಥ ನೆಲದ ಮೇಲೆ ಚಿಕ್ಕ ಗಾಯವೂ ಚಿಕ್ಕದಾಗಿಯೇ ಉಳಿಯುವುದೆಂಬ ಭರವಸೆ ಇಲ್ಲ.

ನೆಲದ ಪ್ರಶ್ನೆಯಷ್ಟೇ ದೊಡ್ಡದು ನ್ಯಾಯದ ಪ್ರಶ್ನೆ. ಕುದುರೆಮುಖಕ್ಕೆ ರಾಷ್ಟ್ರೀಯ ಉದ್ಯಾನವೆಂದು 1987ರಲ್ಲಿ ಆರಂಭಿಕ ಅಧಿಸೂಚನೆ, 2001ರಲ್ಲಿ ಅಂತಿಮ ಅಧಿಸೂಚನೆ ಹೊರಟವು. ಅದರೊಳಗಿನ ಹಳ್ಳಿಗಳ ಜನ ಸೌದೆ, ಸೊಪ್ಪು, ಜೇನು, ರಸ್ತೆ, ವಿದ್ಯುತ್ತು ಎಲ್ಲಕ್ಕೂ ನಿರ್ಬಂಧವನ್ನು ಎದುರಿಸಿದರು. ಒಕ್ಕಲೆಬ್ಬಿಸುವ ಭೀತಿಯಲ್ಲಿ ವರ್ಷಗಳನ್ನು ಕಳೆದರು. ದರಕು ಗುಡಿಸಲು ಹೋದ ಹೆಂಗಸಿಗೆ ಕಾನೂನಿನ ಭಯ, ಮೋಜಿಗೆ ಬಂದ ನಗರದ ಸವಾರನಿಗೆ ಸ್ವಾಗತ ಎಂದಾದರೆ ಸಂರಕ್ಷಣೆಯ ಮಾತನ್ನು ಹಳ್ಳಿಯವರು ನಂಬುವುದಾದರೂ ಹೇಗೆ? ಬೆಟ್ಟದ ಕಾಲುಹಾದಿಗಳನ್ನು ಮಾಡಿದ್ದು ದನ ಕಾಯುವವರ, ಸಂತೆಗೆ ಹೊರೆ ಹೊತ್ತವರ, ದೇವರ ಜಾತ್ರೆಗೆ ನಡೆದವರ ಪಾದಗಳು. ಆ ಹಾದಿಯಲ್ಲಿ ಏನು ಸಾಗಬೇಕೆಂದು ನಿರ್ಧರಿಸುವಾಗ ಮೊದಲು ಅವರನ್ನು ಕೇಳಬೇಕು.

ಇಂಥ ಮಿತಿ ಜಗತ್ತಿಗೆ ಹೊಸದೇನಲ್ಲ. ಗುಡ್ಡಗಾಡು ಸೈಕಲ್ ಸವಾರಿಯ ತವರಾದ ಅಮೆರಿಕದಲ್ಲಿಯೇ 1964ರ ವನ್ಯಪ್ರದೇಶ ಕಾಯಿದೆಯು ಯಾಂತ್ರಿಕ ಸಾಗಣೆಯನ್ನು ನಿಷೇಧಿಸಿತು. 1984ರಲ್ಲಿ ಅಲ್ಲಿನ ಅರಣ್ಯ ಸೇವೆಯು ತನ್ನ ನಿಯಮದಲ್ಲಿ ಸೈಕಲ್ಲನ್ನೂ ಸ್ಪಷ್ಟವಾಗಿ ಸೇರಿಸಿತು. ಕರ್ನಾಟಕದಲ್ಲಿ 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಒಮ್ಮೆಲೇ ನುಗ್ಗಿದ ಜನಸಾಗರವನ್ನು ಕಂಡ ಮೇಲೆ ಸರ್ಕಾರ ಚಾರಣವನ್ನು ಕೆಲಕಾಲ ತಡೆಹಿಡಿಯಿತು, ಆನಂತರ ಮುಂಗಡ ಕಾಯ್ದಿರಿಸುವಿಕೆ ಮತ್ತು ಚಾರಣಿಗರ ಸಂಖ್ಯೆಗೆ ಮಿತಿ ತಂದಿತು. ಆ ಮಿತಿ ನಡೆಯುವವರಿಗೆ ಅನ್ವಯಿಸುವುದಾದರೆ ಗಾಲಿಗೆ ಇನ್ನೂ ಬಿಗಿಯಾಗಿ ಅನ್ವಯಿಸಬೇಕಲ್ಲವೇ?

ಹಾಗೆಂದು ಬೆಟ್ಟದ ಬಾಗಿಲು ಮುಚ್ಚಬೇಕಾಗಿಲ್ಲ. ಮಲೆನಾಡಿನಲ್ಲಿ ಹಳೆಯ ಗಾಡಿರಸ್ತೆಗಳಿವೆ, ಊರಿಂದೂರಿಗೆ ಹೋಗುವ ಮಣ್ಣುರಸ್ತೆಗಳಿವೆ, ಒಡೆಯರ ಒಪ್ಪಿಗೆಯಿದ್ದರೆ ಕಾಫಿ ತೋಟದ ದಾರಿಗಳಿವೆ. ಸೈಕಲ್ಲಿಗೆ ಇವು ಧಾರಾಳವಾಗಿ ಸಾಕು. ಹುಲ್ಲು ಆರಂಭವಾದೆಡೆ ಸೈಕಲ್ಲನ್ನು ಊರಲ್ಲಿ ಒರಗಿಸಿ, ಅನುಮತಿ ಪಡೆದು ನಡೆದು ಹೋಗಬಹುದು. ಮುಂಗಾರಿನ ತಿಂಗಳುಗಳಲ್ಲಿ ಬೆಟ್ಟವನ್ನು ಅದರ ಪಾಡಿಗೆ ಬಿಡಬೇಕು. ಹುಲ್ಲು ಒಣಗಿದ ಬೇಸಿಗೆಯಲ್ಲಿ ಬೆಂಕಿ ಹೊತ್ತಿಸುವ ಮಾತೇ ಕೂಡದು. ಗುಡಾರದ ಬದಲು ಹಳ್ಳಿಯ ಮನೆಯಲ್ಲಿ ಉಳಿದು, ಉಂಡ ಊಟಕ್ಕೆ ಹಣ ಕೊಟ್ಟರೆ ನಾಲ್ಕು ಕಾಸು ಊರಿನಲ್ಲಿ ಉಳಿಯುತ್ತದೆ, ನಾಲ್ಕು ಮಾತೂ ಕೇಳಲು ಸಿಗುತ್ತವೆ. ಯಾವ ದಾರಿ ಸೈಕಲ್ಲಿಗೆ ಮುಕ್ತ, ಯಾವುದು ಅಲ್ಲ ಎಂಬುದನ್ನು ಗ್ರಾಮಸಭೆಗಳು ಚರ್ಚಿಸಿ, ಅರಣ್ಯ ಇಲಾಖೆಯೊಂದಿಗೆ ಕುಳಿತು ಗೊತ್ತುಮಾಡಲಿ. ಬೆಟ್ಟದ ಸೀಮೆಯ ವಿದ್ಯಾರ್ಥಿಗಳು ತಮ್ಮ ಊರಿನ ಹಾದಿಗಳ ನಕ್ಷೆ ಬರೆದು, ಮಳೆಗಾಲದ ಮೊದಲೂ ಆನಂತರವೂ ಕೊರಕಲುಗಳ ಆಳವನ್ನು ಅಳೆದಿಟ್ಟರೆ ಆ ಚರ್ಚೆಗೆ ಗಟ್ಟಿ ಆಧಾರ ದೊರೆಯುತ್ತದೆ.

ಕೆಸರೆಯಿಂದ ಸೈಕಲ್ ಏರಿ ಹೊರಡುವ ಹುಡುಗನಿಗೂ ಹುಡುಗಿಗೂ ಬೆಟ್ಟವನ್ನು ಕಾಣುವ ಹಕ್ಕಿದೆ. ತಮ್ಮ ಮನೆಯ ನಲ್ಲಿಯ ನೀರು ಎಲ್ಲಿಂದ ಇಳಿದು ಬರುತ್ತದೆಂಬುದನ್ನು ಕಣ್ಣಾರೆ ಕಂಡವರು ಅದನ್ನು ಕಾಯುವವರ ಪಾಳಿಗೆ ಸೇರಬಹುದು. ಅದಕ್ಕಾಗಿ ಅವರು ಮಾಡಬೇಕಾದುದು ಇಷ್ಟೇ: ಕೊನೆಯ ಒಂದೆರಡು ಮೈಲಿಯನ್ನು ಸೈಕಲ್ಲಿನಿಂದ ಇಳಿದು, ಬೆಟ್ಟದ ಜನ ನಡೆದಂತೆ ತಾವೂ ನಡೆಯುವುದು.