ಕಿವಿಯೊಳಗೊಬ್ಬ ಮೇಷ್ಟ್ರು!

ಚಿತ್ರದುರ್ಗದ ಕೋಟೆ ನೋಡೋಕೆ ಈಗ ಗೈಡೇ ಬೇಕು ಅಂತಿಲ್ಲ ಸ್ವಾಮಿ. ಆಡಿಯೊ ಒಂದನ್ನು ಮೊಬೈಲಿಗೆ ಇಳಿಸಿಕೊಂಡು ಕಿವಿಗೆ ಸಿಕ್ಕಿಸಿಕೊಂಡರೆ ಆಯ್ತು. ಪಿಯುಸಿ ಅರ್ಧಕ್ಕೇ ಬಿಟ್ಟ ನನ್ನಂಥವನಿಗೆ ಚಾಮಯ್ಯ ಮೇಷ್ಟ್ರೇ ಜೊತೆಗೆ ಬಂದಂಗಾಯ್ತು! ಹಾಜರಿ ಕೇಳೋದಿಲ್ಲ, ಕಿವಿ ಹಿಂಡೋದಿಲ್ಲ.

ಏಕನಾಥೇಶ್ವರಿ ಗುಡಿ, ಉಯ್ಯಾಲೆ ಕಂಬ, ಗೋಪಾಲಸ್ವಾಮಿ ಹೊಂಡ... ಒಂದೊಂದರ ಮುಂದೂ ನಿಲ್ಲಿಸಿ ಪಾಠ. ಮೇಲಿನ ಹೊಂಡದಲ್ಲಿ ಹೆಚ್ಚಾದ ನೀರು ಕೆಳಗಿನ ಹೊಂಡಕ್ಕೆ ಇಳಿಯೋ ಹಾಗೆ ಕಟ್ಟಿದ್ದಾರಂತೆ. ಎಂಥಾ ತಲೆ ನೋಡಿ!

ಇನ್ನು ಓಬವ್ವನ ಕಿಂಡಿ. 1972ರ 'ನಾಗರಹಾವು' ನೋಡಿದವರಿಗೆ ಅಲ್ಲಿ ಕಾಣೋದು ಕಲ್ಲಲ್ಲ, ಒನಕೆ ಎತ್ತಿದ ಜಯಂತಿ. ಕೇಳಿಸೋದು ಪಿ.ಬಿ. ಶ್ರೀನಿವಾಸ್ ದನಿ. ಪುಟ್ಟಣ್ಣ ಕಣಗಾಲರ ಆ ಹಾಡು ಓಬವ್ವನ ಸಾಹಸಕ್ಕೇ ಮುಗಿಯುತ್ತೆ. ಆಡಿಯೊ ಮುಂದಿನದ್ದನ್ನೂ ಹೇಳಿತು: 1779ರಲ್ಲಿ ದುರ್ಗ ಹೈದರಾಲಿಯ ವಶವಾಯ್ತು, ಮದಕರಿ ನಾಯಕ ಸೆರೆಯಾದ. ಮನಸ್ಸು ಭಾರವಾಯ್ತು.

ಅಷ್ಟರಲ್ಲಿ ಪಕ್ಕದಲ್ಲೊಬ್ಬ ಗೈಡು, ವಯಸ್ಸಾದವರು, ಬರಿಗೈಯಲ್ಲೇ ಒನಕೆ ಬೀಸಿ ತೋರಿಸ್ತಿದ್ದರು. ಒಬ್ಬ ಹುಡುಗಿ ಕೇಳಿದಳು: "ಓಬವ್ವಂಗೆ ಭಯ ಆಗಲಿಲ್ವಾ ತಾತಾ?" "ಆಗದೆ ಇರ್ತದಾ ಮಗಾ? ಆದರೂ ನಿಂತಳು" ಅಂದರು. ನನ್ನ ಕಿವಿಯ ಮೇಷ್ಟ್ರಿಗೆ ಪ್ರಶ್ನೆ ಕೇಳೋ ಹಾಗೇ ಇಲ್ಲ. ಅವರು ಹೇಳಿದ್ದೇ ಪಾಠ, ಮುಂದಿನ ಕಲ್ಲಿಗೆ ನಡಿ!

ಆ ತಾತನನ್ನು ದಾಟಿ, ಕಿವಿಗೆ ಬಿರಡೆ ಜಡಿದುಕೊಂಡವರು ಸಾಲಾಗಿ ಹೋಗ್ತಿದ್ದರು. ಹೀಗೇ ಆದರೆ ಅವರ ರಾತ್ರಿಯ ಊಟದ ಗತಿ?

ದುರ್ಗಕ್ಕೆ ಹೋಗೋರು ಆಡಿಯೊ ಕೇಳಿ, ಬೇಡ ಅನ್ನೋಲ್ಲ. ಕಿಂಡಿ ಹತ್ತಿರ ಮಾತ್ರ ಅದನ್ನು ನಿಲ್ಲಿಸಿ, ಗೈಡಿನ ಕೈಗೆ ಕಾಸಿಟ್ಟು ಒಂದು ಪ್ರಶ್ನೆ ಕೇಳಿ. ಏನಂತೀರಿ?